ಅಚ್ಚಿನ ಕೆಂಚವ್ವನ ಕನವರಿಕೆ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಏ, ಕಂಬಕ್ಕೆ ಒರಗಿದವನೇ, ಕಥೆ ಮುಗಿಯೋ ಮುಂಚೆ ಗೊರಕೆ ಹೊಡೆದೆಯೋ, ನಿನ್ನ ಪಾಲಿನ ಕಡಲೆಬೀಜ ನಾನೇ ತಿಂತೀನಿ. ಆಮೇಲೆ ಅಳಬೇಡ.

ಒಂದಾನೊಂದು ರಾಜ್ಯ. ಅಲ್ಲೊಂದು ಹೊಳೆ. ಆ ಹೊಳೆ ಎಷ್ಟು ನಿಧಾನ ಹರೀತಿತ್ತು ಅಂದರೆ, ಮೇಲಿನೂರಲ್ಲಿ ಬಿದ್ದ ಹೂವು ಕೆಳಗಿನೂರು ಮುಟ್ಟೋ ಹೊತ್ತಿಗೆ ಕಾಯಿ ಕಟ್ಟಿರ್ತಿತ್ತಂತೆ. ಸುಳ್ಳೋ ನಿಜವೋ, ನಾನೇನು ನೋಡಿದ್ದೀನಾ? ಹೇಳಿದವರು ಹಾಗೆ ಹೇಳಿದರು, ನಾನು ಹೀಗೆ ಹೇಳ್ತಿದ್ದೀನಿ.

ಹೊಳೆ ದಂಡೆ ಮೇಲೆ ರಾಜಧಾನಿ. ರಾಜಧಾನಿಯಲ್ಲಿ ಅರಿವೆ ಪೇಟೆ. ಈ ಕಡೆ ಅಂಗಡಿ, ಆ ಕಡೆ ಅಂಗಡಿ, ಅಂಗಡಿ ಮೇಲೆ ಅಂಗಡಿ. ಒಬ್ಬ ಕೂಗಿದರೆ ಇನ್ನೊಬ್ಬ ಅವನಿಗಿಂತ ಜೋರು ಕೂಗೋನು. ಗಿರಾಕಿ ಒಬ್ಬ ಬಂದರೆ ಎಡಗೈ ಒಬ್ಬ ಎಳೆಯೋನು, ಬಲಗೈ ಒಬ್ಬ ಎಳೆಯೋನು. ಅಂಥ ಪೇಟೆಯ ನಡುವೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು, ಅಷ್ಟು ಸಣ್ಣದೊಂದು ಅಂಗಡಿ. ಅದು ಕೆಂಚವ್ವನದು.

ಎಲ್ಲರೂ ಬಿಳಿ ಅಂಗಿ ಮಾರೋರು, ಪಟ್ಟೆ ಅಂಗಿ ಮಾರೋರು. ಕೆಂಚವ್ವ ಚಿತ್ರದಂಗಿ ಮಾರೋಳು. ಎದೆ ಮೇಲೆ ಒಂದೇ ಒಂದು ಚಿತ್ರ. ಮರದ ಅಚ್ಚಲ್ಲಿ ಒತ್ತಿದ್ದು. ಎಂಥ ಚಿತ್ರ ಅಂತೀರಿ! ಮಲಗಿದ ಆನೆಯ ಹೊಟ್ಟೆ ಮೇಲೆ ರಾಗಿ ಹೊಲ. ಮೋಡದಲ್ಲಿ ಬಲೆ ಬೀಸೋ ಅಂಬಿಗ. ಆ ಅಂಗಿ ತೊಟ್ಟವರು ಬೀದಿಯಲ್ಲಿ ಬರ್ತಿದ್ದರೆ ನಾಯಿಗಳೂ ಬೊಗಳೋದು ಮರೆತು ನೋಡ್ತಿದ್ದವು.

ಅವಳ ಕೆಲಸ ನಿಧಾನ. ಬಟ್ಟೆಯನ್ನ ಅಳಲೆಕಾಯಿ ನೀರಲ್ಲಿ ನೆನೆಸು. ಒಣಗಿಸು. ಅಚ್ಚು ಒತ್ತು. ಹೊಳೆಯಲ್ಲಿ ಜಾಲಾಡು. ಹಂಡೆಯಲ್ಲಿ ಕುದಿಸು. ಮತ್ತೆ ಮರಳ ಮೇಲೆ ಹರವು. "ಬೇಗ ಕೊಡವ್ವಾ" ಅಂತ ಯಾರಾದರೂ ಅವಸರ ಮಾಡಿದರೆ, "ಹಸಿ ಬಣ್ಣ ಮೈಗೆ ಅಂಟುತ್ತೆ ಕಣಪ್ಪಾ, ಬಟ್ಟೆಗಲ್ಲ" ಅನ್ನೋಳು. ಅವಳ ಜೊತೆ ಇದ್ದದ್ದು ಒಂದು ಕತ್ತೆ. ಗುಜ್ಜ ಅಂತ ಹೆಸರು. ಬಟ್ಟೆ ಗಂಟು ಹೊರೋದು, ಗೊಣಗೋದು, ಎರಡೇ ಅದರ ಕಸುಬು.

ಮಧ್ಯಾಹ್ನ ಬಟ್ಟೆ ಒಣಗೋ ಹೊತ್ತಿಗೆ ಕೆಂಚವ್ವ ದಂಡೆ ಮೇಲಿನ ಹೊಂಗೆ ಮರದ ಕೆಳಗೆ ಸೆರಗು ಹಾಸಿ ಮಲಗೋಳು. ನೀರಿನ ಸದ್ದು, ಒದ್ದೆ ಬಟ್ಟೆಯ ವಾಸನೆ, ಹೊಂಗೆಯ ತಂಪು. ಕಣ್ಣು ಮುಚ್ಚಿದರೆ ಸಾಕು, ಕನಸು ಬಂದು ಪಕ್ಕದಲ್ಲಿ ಕೂರೋದು. ಅವಳ ಚಿತ್ರಗಳೆಲ್ಲ ಹುಟ್ಟಿದ್ದು ಅಲ್ಲೇ.

ಈಗ ಒಂದು ಮಾತು ಹೇಳ್ತೀನಿ, ಕಿವಿಗೊಟ್ಟು ಕೇಳಿ. ನಿಮ್ಮ ಬಲಗೈ ಎತ್ತಿ. ಅಂಗೈ ನೋಡಿಕೊಳ್ಳಿ. ಹೆಬ್ಬೆರಳು ಯಾವ ಕಡೆ? ಬಲಕ್ಕೆ. ಅದನ್ನೇ ಸುಣ್ಣದಲ್ಲಿ ಅದ್ದಿ ಗೋಡೆಗೆ ಒತ್ತಿ. ಗೋಡೆ ಮೇಲಿನ ಹೆಬ್ಬೆರಳು ಎಡಕ್ಕೆ! ಅಚ್ಚೂ ಹಾಗೇ. ಬಟ್ಟೆ ಮೇಲೆ ಹಕ್ಕಿ ಬಲಕ್ಕೆ ನೋಡಬೇಕಾದರೆ ಮರದ ಮೇಲೆ ಎಡಕ್ಕೆ ಕೊರೀಬೇಕು. ಕೆಂಚವ್ವ ಹಾಲುಹಲ್ಲು ಬೀಳೋ ವಯಸ್ಸಿಂದ ಉಳಿ ಹಿಡಿದೋಳು. ಕೊರೆದೂ ಕೊರೆದೂ ಅವಳ ಕನಸುಗಳೂ ತಿರುಗಾಮುರುಗಾ ಬೀಳೋಕೆ ಶುರುವಾಗಿದ್ದವು. ಕನಸಲ್ಲಿ ಎಡಕ್ಕೆ ಕಂಡದ್ದನ್ನ ಹಾಗೇ ಎಡಕ್ಕೆ ಕೊರೆಯೋಳು. ಬಟ್ಟೆ ಮೇಲೆ ಅದು ಬಲಕ್ಕೆ ಬರೋದು. ಈ ಗುಟ್ಟು ಅವಳೊಬ್ಬಳಿಗೆ ಗೊತ್ತು, ಈಗ ನಿಮಗೆ ಗೊತ್ತು.

ಅದೇ ಪೇಟೆಯಲ್ಲಿ ಭರಮಯ್ಯ ಅಂತ ಒಬ್ಬ ಸಾವ್ಕಾರ. ಹನ್ನೆರಡು ಬಾಗಿಲಿನ ಅಂಗಡಿ, ಒಳಗೆ ನೂರು ಆಳು. ಎಲ್ಲ ಇತ್ತು ಆ ಪುಣ್ಯಾತ್ಮನಿಗೆ, ತಲೆಯಲ್ಲಿ ಒಂದು ಚಿತ್ರ ಮಾತ್ರ ಇರಲಿಲ್ಲ. ಕನಸೇ ಬೀಳ್ತಿರಲಿಲ್ಲ. ಯಾವತ್ತೋ ಒಂದು ಬಿದ್ದರೂ, ಅದರಲ್ಲೂ ನಿಂತು ಬೆಲೆ ಕೂಗ್ತಿದ್ದ.

ಅರಿವೆ ಪೇಟೆಯಲ್ಲಿ ದಿನಾ ಜಗಳ. ನನ್ನ ಪಟ್ಟೆ ನೀನು ಕದ್ದೆ, ನಿನ್ನ ಅಂಚು ನಾನೆಲ್ಲಿ ಕದ್ದೆ, ಅಂತ. ಕೇಳಿ ಕೇಳಿ ಅರಸನಿಗೆ ತಲೆ ಕೆಟ್ಟು ಒಂದು ಕಟ್ಟಳೆ ಮಾಡಿದ. "ಹುಣ್ಣಿಮೆ ಸಂತೆಗೆ ಯಾರು ಮೊದಲು ತಂದರೋ ಚಿತ್ರ ಅವರದು. ಅದನ್ನೇ ಆಮೇಲೆ ತಂದವರು ಕಳ್ಳರು. ಕಳ್ಳರ ಬಾಗಿಲಿಗೆ ಒಂದು ಕರಿ ಗೆರೆ. ಮೂರನೇ ಗೆರೆ ಬಿದ್ದರೆ ಅಂಗಡಿಗೆ ಬೀಗ, ಉಳಿ ಹೊಳೆಗೆ. ಮತ್ತೆ ಅಚ್ಚು ಮುಟ್ಟುವ ಹಾಗಿಲ್ಲ." ಅರಸ ಒಳ್ಳೆಯವನೇ. ಆದರೆ ಒಳ್ಳೆಯ ಕಟ್ಟಳೆಗೂ ಒಂದು ಕಿಂಡಿ ಇರುತ್ತೆ, ಇಲಿ ಅದನ್ನೇ ಹುಡುಕುತ್ತೆ.

ಒಂದು ಮಧ್ಯಾಹ್ನ ಕೆಂಚವ್ವನಿಗೆ ಕನಸಾಯ್ತು. ಒಂದು ದೊಡ್ಡ ಕೊಕ್ಕರೆ. ಅದರ ಬೆನ್ನ ಮೇಲೆ ಒಂದು ಪುಟ್ಟ ಊರು. ಮನೆಮನೆಯಿಂದ ಒಲೆ ಹೊಗೆ ಏಳ್ತಿದೆ, ಮಕ್ಕಳು ರೆಕ್ಕೆ ತುದಿಗೆ ಬಂದು ಕಾಲು ಇಳಿಬಿಟ್ಟು ಕೂತಿದ್ದಾರೆ. ಕೊಕ್ಕರೆ ಎಡಕ್ಕೆ ಮುಖ ಮಾಡಿ ನೀರ ಮೇಲೆ ಮೆಲ್ಲಗೆ ನಡೀತಿದೆ, ಊರು ಅಲುಗಬಾರದು ಅಂತ. ಎದ್ದವಳೇ ಕೊರೆದಳು, ಒತ್ತಿದಳು, ಕುದಿಸಿದಳು, ಒಣಗಿಸಿದಳು. ಸಂತೆಗೆ ಹೋದರೆ ಏನು ನೋಡ್ತಾಳೆ? ಭರಮಯ್ಯನ ಹನ್ನೆರಡು ಬಾಗಿಲಲ್ಲೂ ಕೊಕ್ಕರೆ! ಬೆನ್ನ ಮೇಲೆ ಊರು! ಒಲೆ ಹೊಗೆ!

"ಅಯ್ಯೋ, ಇದು ನನ್ನ ಕನಸು!" ಅಂದಳು ಕೆಂಚವ್ವ.

"ಕನಸಿಗೇನು ಸಾಕ್ಷಿ ಇದೆಯಾ ತಾಯೀ? ಮೊದಲು ತಂದವರು ಸಾವ್ಕಾರರು" ಅಂದ ಪೇಟೆ ಯಜಮಾನ. ಅವಳ ಬಾಗಿಲಿಗೆ ಒಂದು ಕರಿ ಗೆರೆ ಬಿತ್ತು.

ಮುಂದಿನ ತಿಂಗಳು ಇನ್ನೊಂದು ಕನಸು. ಒಂದು ಮೀನು ದೋಣಿಗೆ ಹುಟ್ಟು ಹಾಕ್ತಿದೆ. ದೋಣಿ ತುಂಬ ಹಾಲು. ಹಾಲಲ್ಲಿ ಚಂದ್ರ ಈಜ್ತಿದ್ದಾನೆ. ಕೆಂಚವ್ವ ಯಾರಿಗೂ ತೋರಿಸಲಿಲ್ಲ, ಬಾಗಿಲು ಹಾಕಿಕೊಂಡು ಒತ್ತಿದಳು. ಸಂತೆಗೆ ಹೋದರೆ ಭರಮಯ್ಯನ ಹನ್ನೆರಡು ಬಾಗಿಲಲ್ಲೂ ಮೀನು! ದೋಣಿ! ಈಜೋ ಚಂದ್ರ! ಅವಳ ಬಾಗಿಲಿಗೆ ಎರಡನೇ ಗೆರೆ ಬಿತ್ತು. ನಿನ್ನೆವರೆಗೂ "ಕೆಂಚವ್ವಾ, ಕೆಂಚವ್ವಾ" ಅಂತಿದ್ದವರು "ಕಳ್ಳವ್ವ" ಅನ್ನೋಕೆ ಶುರು ಮಾಡಿದರು. ಜನರ ಬಾಯಿಗೆ ಬೀಗ ಉಂಟಾ?

ಕೆಂಚವ್ವ ಹೊಳೆ ದಂಡೆಗೆ ಬಂದು ಕೂತು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಂದು ಗೆರೆ ಬಿದ್ದರೆ ಅವಳವ್ವ ಕೊಟ್ಟ ಉಳಿ ನೀರುಪಾಲು. ಉಳಿ ಬಿಟ್ಟು ಅವಳಿಗೆ ಬೇರೆ ಬದುಕು ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಣ್ಣು ಮುಚ್ಚೋಕೇ ಈಗ ಭಯ. ನಿದ್ದೆ ಇಲ್ಲದಿದ್ದರೆ ಕನಸೆಲ್ಲಿ? ಕನಸಿಲ್ಲದಿದ್ದರೆ ಕೆಂಚವ್ವ ಎಲ್ಲಿ?

ಅತ್ತು ಸಾಕಾದ ಮೇಲೆ ಕಣ್ಣೊರೆಸಿಕೊಂಡು ಭರಮಯ್ಯನ ಅಂಗಡಿಯ ಅಂಗಿ ಒಂದನ್ನ ತಂದು ತನ್ನ ಅಂಗಿಯ ಪಕ್ಕ ಮರಳ ಮೇಲೆ ಹರವಿದಳು. ನೋಡಿದಳು. ಮತ್ತೆ ನೋಡಿದಳು. ತನ್ನ ಕೊಕ್ಕರೆ ಬಲಕ್ಕೆ ನೋಡ್ತಿದೆ. ಅವನ ಕೊಕ್ಕರೆ ಎಡಕ್ಕೆ.

"ಗುಜ್ಜಾ, ಇಲ್ಲಿ ಬಾ" ಅಂದಳು. "ಇವನು ನನ್ನ ಅಂಗಿ ನೋಡಿ ಕದ್ದಿದ್ದರೆ ಕೊಕ್ಕರೆ ನನ್ನದರ ಹಾಗೇ ಬಲಕ್ಕೆ ಬರಬೇಕಿತ್ತು. ನನ್ನ ಅಚ್ಚು ಕದ್ದು ಒತ್ತಿದ್ದರೂ ಬಲಕ್ಕೇ ಬರಬೇಕಿತ್ತು. ಇದು ಎಡಕ್ಕಿದೆ. ಕೊಕ್ಕರೆ ಎಡಕ್ಕೆ ಇದ್ದದ್ದು ನನ್ನ ಕನಸಲ್ಲಿ. ಕನಸನ್ನ ನಾನು ಯಾರಿಗೂ ಹೇಳೇ ಇಲ್ಲವಲ್ಲೋ!"

ಗುಜ್ಜ ಹುಲ್ಲು ಅಗಿಯೋದು ನಿಲ್ಲಿಸ್ತು. "ಹೇಳಿಲ್ಲವಾ? ಹೇಳದೆ ಬಿಟ್ಟ ದಿನ ಯಾವುದು ತಾಯೀ? ಮಲಗಿದ ಕೂಡಲೇ ಕನವರಿಸೋಕೆ ಶುರು ಮಾಡ್ತೀಯ. ಕೊಕ್ಕರೆ ಹೀಗೆ, ಹೊಗೆ ಹಾಗೆ, ಮಕ್ಕಳು ಇಲ್ಲಿ ಅಂತ. ನಿನ್ನ ವಟವಟದಲ್ಲಿ ನನಗೆ ಒಂದು ದಿನ ನೆಟ್ಟಗೆ ನಿದ್ದೆ ಇಲ್ಲ. ಸಾಲದು ಅಂತ ಮೇಲೆ ಕೊಂಬೇಲಿ ಆ ಸಾವ್ಕಾರನ ಗಿಳಿ ಕೂತು ನೀನಂದದ್ದನ್ನೇ ಅಂತಿರುತ್ತೆ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲವೋ, ಮುಂಡೇದೇ?"

"ನೀನು ಕೇಳಿದೆಯಾ? ಕತ್ತೆ ಹತ್ತಿರ ಯಾರು ಬುದ್ಧಿ ಕೇಳ್ತಾರೆ" ಅಂತ ಗುಜ್ಜ ಮತ್ತೆ ಹುಲ್ಲಿಗೆ ಬಾಯಿ ಹಾಕ್ತು.

ಹೌದಪ್ಪಾ, ಅಷ್ಟೇ ವಿಷಯ. ಭರಮಯ್ಯ ನೆನೆಸಿದ ಕಡಲೆ ತಿನ್ನಿಸಿ ಗಿಳಿಯನ್ನ ಸಾಕಿದ್ದ. ಗಿಳಿ ಕೇಳಿದ್ದನ್ನ ಒಪ್ಪಿಸೋದು. ಅವಳೊಬ್ಬಳು ಒಂದು ಬಟ್ಟೆ ಒಣಗಿಸೋ ಹೊತ್ತಿಗೆ ಅವನ ನೂರು ಆಳು ನೂರು ಬಟ್ಟೆ ಒತ್ತಿ ಬಿಸಾಕೋರು. ಗಿಳಿ ಎಡ ಅಂದರೆ ಬಟ್ಟೆ ಮೇಲೆ ಎಡಕ್ಕೆ ಬರೋ ಹಾಗೆ ಮಾಡೋರು. ಅಚ್ಚಿನವಳ ಕನಸು ತಿರುಗಾಮುರುಗಾ ಇರುತ್ತೆ ಅಂತ ಅವರಿಗೇನು ಗೊತ್ತು?

ಕೆಂಚವ್ವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ ಬಂತು, ತನ್ನ ನಿದ್ದೆಯನ್ನೇ ಯಾರೋ ಕಿಂಡಿಯಲ್ಲಿ ನೋಡಿದರಲ್ಲ ಅಂತ. ಕೊನೆಗೆ ನಗು ಬಂತು. ಯಾಕೆ ನಗು ಬಂತು ಅಂತ ಗುಜ್ಜನಿಗೂ ಹೇಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅರಮನೆಯಿಂದ ಡಂಗುರ ಬಂತು. "ಕೇಳ್ರಪ್ಪೋ ಕೇಳ್ರಿ! ಮಹಾಸ್ವಾಮಿಯವರಿಗೆ ಅರವತ್ತು ತುಂಬುತ್ತೆ! ಆವತ್ತು ಅರಮನೆಯವರೆಲ್ಲ ಒಂದೇ ಚಿತ್ರದ ಅಂಗಿ ತೊಡ್ತಾರೆ! ಯಾರ ಚಿತ್ರ ಮೆಚ್ಚುಗೆಯಾಗುತ್ತೋ ಅವರೇ ಅರಮನೆಯ ಅಚ್ಚುಗಾರರು! ಹುಣ್ಣಿಮೆ ದಿನ ಓಲಗಕ್ಕೆ ತರಬೇಕು!"

ಮಾರನೇ ಮಧ್ಯಾಹ್ನ ಕೆಂಚವ್ವ ಹೊಂಗೆ ಕೆಳಗೆ ಸೆರಗು ಹಾಸಿದಳು. ಮಲಗಿದಳು. ಕಣ್ಣು ಮುಚ್ಚಿದಳು. ನಿದ್ದೆ ಮಾಡಲಿಲ್ಲ. ಮೇಲೆ ಎಲೆ ಸರಸರ ಅಂತು, ಗಿಳಿ ಬಂದು ಕೂತದ್ದು ಗೊತ್ತಾಯ್ತು. ಆಗ ನಿದ್ದೆಗಣ್ಣಿನವರ ಹಾಗೆ ಎಳೆದೆಳೆದು ಕನವರಿಸಿದಳು.

"ಅರಸ… ಬಿಳಿ ತಾವರೆ ಮೇಲೆ… ನಮ್ಮೆದುರಿಗೆ ಮುಖ ಮಾಡಿ ಕೂತಿದ್ದಾನೆ… ಬಲಗಡೆಗೆ ಒಬ್ಬ ತಾಯಿ, ಕಂಕುಳಲ್ಲಿ ಕೂಸು… ಬಲಗಡೆಗೆ ಅರಸ ಕೈ ಚಾಚಿದ್ದಾನೆ… ಬಲಗಡೆಯ ಕೈ… ಕೈಯಿಂದ ಕಾಳಲ್ಲ, ನಕ್ಷತ್ರ ಉದುರ್ತಿದಾವೆ… ತಾಯಿಯ ಮಡಿಲು ಬೆಳಗ್ತಿದೆ… ಕೂಸು ನಕ್ಷತ್ರ ಹಿಡಿಯೋಕೆ ಹೋಗ್ತಿದೆ…"

ಗಿಳಿ ಪುರ್ರಂತ ಹಾರಿತು. ಭರಮಯ್ಯನ ಭುಜದ ಮೇಲೆ ಕೂತು ಒಂದಕ್ಷರ ಬಿಡದೆ ಒಪ್ಪಿಸ್ತು. ಭರಮಯ್ಯ ತೊಡೆ ತಟ್ಟಿದ. "ಬಲಗಡೆಯ ಕೈ! ದಾನಕ್ಕೆ ಬಲಗೈಯೇ ಸೈ! ಕೊರೀರಿ, ಕೊರೀರಿ!"

ಆಳುಗಳಲ್ಲಿ ಒಬ್ಬ ತಲೆ ಕೆರೆದುಕೊಂಡು, "ಒಡೆಯಾ, ಬಲ ಅಂದರೆ ಯಾರ ಬಲ? ನೋಡೋರದಾ, ಅರಸರದಾ?" ಅಂದ.

"ಬಲ ಅಂದರೆ ಬಲ ಕಣೋ! ನಾನು ಕೂಲಿ ಕೊಡೋದು ನಿನ್ನ ಕೈಗೆ, ಬಾಯಿಗಲ್ಲ" ಅಂತ ಭರಮಯ್ಯ ಗದರಿದ. ಪಾಪ, ಅವನು ಉಳಿ ಎತ್ತಿಕೊಂಡ. ಬಟ್ಟೆಯ ಬಲಗಡೆಗೆ ತಾಯಿ ಬಂದಳು, ಬಲಗಡೆಗೆ ಕೈ ಬಂತು, ನಕ್ಷತ್ರ ಉದುರಿದವು. ಭರಮಯ್ಯ ಎದುರಿಗೆ ಹಿಡಿದು ನೋಡಿದ. ತನ್ನ ಬಲಗೈ ಕಡೆಗೇ ಅರಸನ ಕೈಯೂ ಇತ್ತು. ಸರಿಯಾಗಿದೆ ಅಂದುಕೊಂಡ.

ಕೆಂಚವ್ವನೂ ಕೊರೆದಳು. ಅಂದದ್ದನ್ನ ಅಂದ ಹಾಗೇ ಮರದ ಮೇಲೆ ಬಲಗಡೆಗೆ ಕೊರೆದಳು.

ಹುಣ್ಣಿಮೆ ಬಂತು. "ಹೋಗಬೇಡವ್ವಾ. ಅವನು ಮೊದಲು ತಂದಿರ್ತಾನೆ, ನಿನಗೆ ಮೂರನೇ ಗೆರೆ ಬೀಳುತ್ತೆ" ಅಂತ ಗುಜ್ಜ ಅಡ್ಡ ನಿಂತಿತು. ಕೆಂಚವ್ವ ಅದರ ಕಿವಿ ಸವರಿ, "ಬಿದ್ದರೆ ಬೀಳಲಿ. ಮನೇಲಿ ಕೂತರೂ ನನ್ನ ನಿದ್ದೆ ನನಗೆ ಬರಲ್ಲ" ಅಂತ ಗಂಟು ಹೊರಿಸಿ ಹೊರಟಳು.

ಓಲಗದಲ್ಲಿ ಭರಮಯ್ಯ ಆಗಲೇ ನಿಂತಿದ್ದ. ಬಟ್ಟೆ ಬಿಚ್ಚಿದ. ಎಲ್ಲರೂ "ಆಹಾ" ಅಂದರು. ನಿಜಕ್ಕೂ ಚಿತ್ರ ಹಾಗಿತ್ತು, ಸುಳ್ಳು ಯಾಕೆ ಹೇಳಲಿ? ನಕ್ಷತ್ರ ಉದುರೋದು ನೋಡಿ ಕಾವಲಿನವನೂ ಮಡಿಲು ಒಡ್ಡೋ ಹಾಗಾದ.

"ಭೇಷ್! ಯಾರದು ಈ ಚಿತ್ರ?" ಅಂದ ಅರಸ.

"ನನ್ನದೇ ಮಹಾಸ್ವಾಮಿ! ನನ್ನ ಕನಸು, ನನ್ನ ಅಚ್ಚು!"

ಅರಸನಿಗೆ ಖುಷಿಯೋ ಖುಷಿ. ಬಟ್ಟೆಯನ್ನ ಎದೆಗೆ ಅಂಗಿಯ ಹಾಗೆ ಹಿಡಿದುಕೊಂಡು ರಾಣಿಯ ಕಡೆ ತಿರುಗಿದ. "ನೋಡು, ನಾನು ದಾನ ಕೊಡೋವಾಗ ಹೀಗೇ ಕಾಣ್ತೀನಾ?" ಅಂತ ತನ್ನ ಬಲಗೈ ಚಾಚಿದ. ಅರಸನ ಕೈ ಈ ಕಡೆ ಹೋಯ್ತು. ಎದೆ ಮೇಲಿನ ಚಿತ್ರದ ಕೈ ಆ ಕಡೆ ಹೋಗಿತ್ತು.

ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಶಿವನೇ! ಇದರಲ್ಲಿ ನೀವು ಎಡಗೈಯಲ್ಲಿ ಕೊಡ್ತಿದ್ದೀರಿ!"

ಎಡಗೈಯಲ್ಲಿ ದಾನ! ಮನೆಗೆ ಬಂದ ಭಿಕ್ಷುಕನಿಗೂ ನಾವು ಎಡಗೈಯಲ್ಲಿ ಕೊಡಲ್ಲ. ಅಂಥದ್ದರಲ್ಲಿ ಅರಸ, ಅದೂ ಕೂಸು ಹೊತ್ತ ತಾಯಿಗೆ, ಅದೂ ಅರವತ್ತು ತುಂಬೋ ದಿನ! ಅರಸನ ಮುಖ ಕೆಂಪಾಯ್ತು.

"ಭರಮಯ್ಯಾ, ಇನ್ನೊಮ್ಮೆ ಕೇಳ್ತೀನಿ. ಇದು ನಿನ್ನ ಕನಸಾ?"

ಭರಮಯ್ಯ ತೊದಲಿದ. "ಅದು… ಕನಸು… ಹೌದು… ಅಲ್ಲ…"

"ಮೂರನೇ ಸಲ ಕೇಳ್ತೀನಿ. ನಾನು ಎಡಗೈಯಲ್ಲಿ ದಾನ ಕೊಡೋ ಕನಸು ಕಂಡೋನು ನೀನೇನಾ?"

ಭರಮಯ್ಯ ದೊಪ್ಪಂತ ಕಾಲಿಗೆ ಬಿದ್ದ. "ನನ್ನದಲ್ಲ ಮಹಾಸ್ವಾಮಿ! ನನ್ನದಲ್ಲ! ಅವಳದು, ಆ ಕೆಂಚವ್ವನದು! ಅವಳು ಕನವರಿಸಿದ್ದು, ನನ್ನ ಗಿಳಿ ಕೇಳಿದ್ದು! ಕೊಕ್ಕರೆಯೂ ಅವಳದೇ, ಮೀನೂ ಅವಳದೇ, ಒಂದೂ ನನ್ನದಲ್ಲ!"

ನೋಡಿದಿರಾ? ಯಾರೂ ಹೊಡೀಲಿಲ್ಲ, ಬಡೀಲಿಲ್ಲ. ತನ್ನ ಬಾಯಿಂದ ತಾನೇ ಕಕ್ಕಿದ.

ಅರಸ ಕೆಂಚವ್ವನನ್ನ ಕರೆದ. ಅವಳು ಗಂಟು ಬಿಚ್ಚಿದಳು. ಅದೇ ತಾವರೆ, ಅದೇ ತಾಯಿ, ಅದೇ ನಕ್ಷತ್ರ. ಅರಸ ಎದೆಗೆ ಹಿಡಿದು ಬಲಗೈ ಚಾಚಿದ. ಚಿತ್ರದ ಕೈಯೂ ಅದೇ ಕಡೆ ಚಾಚಿತು.

ಪೇಟೆ ಯಜಮಾನ ಮೆಲ್ಲಗೆ ಕೆಮ್ಮಿದ. "ಕಟ್ಟಳೆ ಪ್ರಕಾರ ಮೊದಲು ತಂದವರು…"

"ಮೊದಲು ತಂದವರೇ ಇದು ತಮ್ಮದಲ್ಲ ಅಂದರಲ್ಲ ಯಜಮಾನರೇ" ಅಂದಳು ಕೆಂಚವ್ವ. ಆಮೇಲೆ ಅಚ್ಚಿನ ಗುಟ್ಟು, ಕನಸಿನ ಗುಟ್ಟು, ಗಿಳಿಯ ಗುಟ್ಟು ಎಲ್ಲ ಬಿಡಿಸಿ ಹೇಳಿದಳು. ಅರಸ ಮೊದಲು ಬೆರಗಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕರಿ ಗೆರೆ ಎಳೆದ ಕೈಯಿಂದಲೇ ಎರಡು ಗೆರೆಯನ್ನೂ ತೊಳೀಬೇಕು ಅಂತ ಯಜಮಾನನಿಗೆ ಅಪ್ಪಣೆಯಾಯ್ತು.

"ಇನ್ನು ಭರಮಯ್ಯ. ಅಂಗಡಿಗೆ ಬೀಗ ಹಾಕಿ, ಉಳಿ ಹೊಳೆಗೆ ಎಸೀರಿ" ಅಂದ ಅರಸ. ಭಟರು ಹೋಗಿ ಹುಡುಕಿದರೆ ಭರಮಯ್ಯನ ಹತ್ತಿರ ಎಸೆಯೋಕೆ ಒಂದು ಉಳಿಯೂ ಇಲ್ಲ! ಇದ್ದವೆಲ್ಲ ಆಳುಗಳ ಉಳಿ.

ಕೆಂಚವ್ವ ಕೈ ಮುಗಿದಳು. "ಬೀಗ ಬೇಡ ಮಹಾಸ್ವಾಮಿ. ನೂರು ಮನೆಯ ಒಲೆ ಆ ಅಂಗಡಿಯಿಂದಲೇ ಉರೀತಿದೆ. ಅವನಿಗೆ ಒಂದು ಉಳಿ ಕೊಡಿಸಿ. ತನ್ನದೇ ಅನ್ನೋ ಒಂದು ಚಿತ್ರ ಕೊರೆಯೋವರೆಗೂ ಆಳುಗಳ ನಡುವೆ ಕೂರಲಿ. ಅಲ್ಲೀವರೆಗೂ ಆ ಅಂಗಡಿಯಲ್ಲಿ ಆಳುಗಳ ಚಿತ್ರವೇ ನಡೀಲಿ, ಅವರವರ ಹೆಸರಲ್ಲಿ."

ಹಾಗೇ ಆಯ್ತು. ಅಬ್ಬಾ, ಆ ನೂರು ತಲೆಯಲ್ಲಿ ಏನೇನು ಅಡಗಿತ್ತು ಅಂತೀರಿ! ಒಬ್ಬ ಹಲ್ಲಿಗಳ ಮದುವೆ ದಿಬ್ಬಣ ಕೊರೆದ. "ಯಾರ ಬಲ?" ಅಂತ ಕೇಳಿದ್ದನಲ್ಲ, ಅವನು ತನ್ನ ಹೆಂಡತಿ ಮೊಗ್ಗಿನೊಳಗೆ ಕೂತು ತಲೆ ಬಾಚಿಕೊಳ್ಳೋದನ್ನ ಕೊರೆದ. ಅರಿವೆ ಪೇಟೆಗೆ ದೂರದೂರದಿಂದ ಜನ ಬರೋಕೆ ಶುರು ಮಾಡಿದರು. ಎಲ್ಲರಿಗೂ ಗಿರಾಕಿ ಸಿಕ್ಕಿತು, ಕೂಗೋದೂ ಎಳೆಯೋದೂ ನಿಂತಿತು. ಕೆಂಚವ್ವ ಅರಮನೆಯ ಅಚ್ಚುಗಾರ್ತಿಯಾದಳು. ಅಂಗಡಿ ಮಾತ್ರ ಅಷ್ಟೇ ಸಣ್ಣದಾಗಿ ಇಟ್ಟುಕೊಂಡಳು. ದೊಡ್ಡದು ಮಾಡಿದರೆ ಗುಡಿಸೋರು ಯಾರು ಅಂತ.

ಭರಮಯ್ಯ? ಉಳಿ ಹಿಡಿದು ಕೂತ. ಏನು ಕೊರೆಯೋದು? ತಲೆಯೆಲ್ಲ ಖಾಲಿ ಖಾಲಿ. ಕೊನೆಗೆ, ಬೇರೆ ಏನೂ ಇಲ್ಲದಿದ್ದರೂ ಹೆಸರಾದರೂ ನನ್ನದಲ್ಲವಾ ಅಂತ ತನ್ನ ಹೆಸರನ್ನೇ ಕೊರೆದ. ನೆಟ್ಟಗೆ, ಚೆಂದಾಗಿ, ಎದೆಯುಬ್ಬಿಸಿ ಕೊರೆದ. ಬಣ್ಣ ಹಚ್ಚಿ ಬಟ್ಟೆಗೆ ಒತ್ತಿ ಎತ್ತಿದ. ಅಕ್ಷರವೆಲ್ಲ ಅವನಿಗೆ ಬೆನ್ನು ತಿರುಗಿಸಿ ನಿಂತಿದ್ದವು. ಅವನ ಹೆಸರನ್ನ ಅವನಿಗೇ ಓದೋಕೆ ಆಗಲಿಲ್ಲ. ಸಾವ್ಕಾರ ಭರಮಯ್ಯ ನೂರು ಆಳುಗಳ ಮುಂದೆ ಮಗುವಿನ ಹಾಗೆ ಅತ್ತ. ಆವತ್ತಿಂದ ಅವನು ಕಲಿಯೋಕೆ ಶುರು ಮಾಡಿದ ಅಂತಾರೆ.

ಅದಕ್ಕೇ ಮಕ್ಕಳೇ, ನೆನಪಿಡಿ. ಇನ್ನೊಬ್ಬರ ಕೆಲಸ ಕದ್ದರೆ ಕಂಡದ್ದಷ್ಟೇ ಸಿಗುತ್ತೆ, ಅದರ ಹಿಂದಿನ ತಿಳಿವು ಸಿಗಲ್ಲ. ತಿಳಿವಿಲ್ಲದವನು ಬಲ ಅಂತ ನಂಬಿ ಹೋದಲ್ಲೇ ಎಡವಿ ಬೀಳ್ತಾನೆ. ಸಣ್ಣದೇ ಆಗಲಿ, ನಿಧಾನವೇ ಆಗಲಿ, ನಿಮ್ಮದನ್ನೇ ಮಾಡಿ.

ಹೇಳಿದ ನನಗೆ ಒಂದು ಲೋಟ ನೀರು, ಕೇಳಿದ ನಿಮಗೆ ಒಂದು ಒಳ್ಳೆ ನಿದ್ದೆ. ಏಳಿ ಇನ್ನ.